ವಾಷ್ ಅಪ್: ತಟ್ಟೆಯೋ, ಮುಖವೋ?

ಹುಮನಾಬಾದ್ ಬಳಿಯ ಹುಡಗಿ ಗ್ರಾಮದ ರೈತ ‘ಈ ಸಲ ಮಳೆ ಕೈಕೊಟ್ಟಿತು’ ಎಂದರೆ ಮಳೆ ನೆರವಾಯಿತೆಂದು ಯಾರೂ ಹಿಗ್ಗುವುದಿಲ್ಲ; ತೊಗರಿ ಒಣಗಿತೆಂದೇ ತಿಳಿಯುತ್ತಾರೆ. ‘ಕೈ’ ಗೊತ್ತು, ‘ಕೊಡು’ ಗೊತ್ತು ಎಂದಮಾತ್ರಕ್ಕೆ ‘ಕೈಕೊಡು’ ಗೊತ್ತಾಗದು.

ಇಂಗ್ಲಿಷಿನ ಕ್ರಿಯಾಪದಕ್ಕೆ ಅಪ್, ಇನ್, ಔಟ್ ಎಂಬ ಬಾಲ ಅಂಟಿದಾಗಲೂ ಇದೇ ಪಾಡು. ಸಾಲದ್ದಕ್ಕೆ ಕಡಲು ದಾಟಿದರೆ ಬಳಕೆಯೇ ಬೇರೆ. ಬ್ರಿಟಿಷರು ಅರ್ಜಿಯನ್ನು ‘ಫಿಲ್ ಇನ್’ ಮಾಡಿದರೆ ಅಮೆರಿಕನ್ನರು ಸಾಮಾನ್ಯವಾಗಿ ‘ಫಿಲ್ ಔಟ್’ ಮಾಡುತ್ತಾರೆ. ಅರ್ಥ ಒಂದೇ, ಅಪಾಯವಿಲ್ಲ. ಆದರೆ ‘ವಾಷ್ ಅಪ್’ ಎಂದರೆ ಬ್ರಿಟನ್ನಿನಲ್ಲಿ ಉಂಡ ತಟ್ಟೆ, ಪಾತ್ರೆ ತೊಳೆಯುವುದು. ಅಮೆರಿಕದಲ್ಲಿ ಕೈಮುಖ ತೊಳೆಯುವುದು. ‘ಬೆಳಿಗ್ಗೆ 6ಕ್ಕೆ ನಾಕ್ ಅಪ್ ಮಾಡಿ’ ಎಂಬುದು ಹಳೆಯ ಬ್ರಿಟಿಷರ ಬಾಯಲ್ಲಿ ಬಾಗಿಲು ತಟ್ಟಿ ಎಬ್ಬಿಸಿ ಎಂಬ ಕೋರಿಕೆ. ಅಮೆರಿಕದಲ್ಲಿ ಅದು ಹೆಣ್ಣನ್ನು ಬಸುರಿ ಮಾಡುವುದಕ್ಕಿರುವ ಒರಟು ಮಾತು!

ನಮ್ಮ ಶಾಲೆಗಳ ಇಂಗ್ಲಿಷ್ ಬ್ರಿಟಿಷ್ ಜಾಡಿನದು. ನಾಳೆ ನೌಕರಿ ಕೊಡುವ ಕಂಪನಿ ಅಮೆರಿಕದ್ದಿರಬಹುದು. ಆದ್ದರಿಂದ ವಿದ್ಯಾರ್ಥಿಗಳು ಇಂಥ ಜೋಡಿಗಳನ್ನು ಒಡೆಯದೆ ಒಂದೇ ಪದವೆಂಬಂತೆ ಕಲಿಯಬೇಕು. ಅದು ಯಾವ ದೇಶದ ಬಳಕೆ ಎಂಬ ಗುರುತನ್ನೂ ನಿಘಂಟಿನಲ್ಲಿ ನೋಡಿಕೊಳ್ಳಬೇಕು. ಇಲ್ಲವಾದರೆ ಬೇಕಾದ ಹೊತ್ತಿಗೆ ಇಂಗ್ಲಿಷೂ ಕೈಕೊಟ್ಟೀತು.