ವಿಮಾನದ ಲೆಕ್ಕ ಲಾರಿಗೂ ಒದಗಲಿ

ಯಾವ ವಿಮಾನಕ್ಕೆ ಯಾವ ಸರಕು, ಎಲ್ಲಿಗೆ ಎಷ್ಟು ಹಾರಾಟ ಎಂದು ನಿರ್ಧರಿಸಲು ಸೇನೆಗೆ ನೆರವಾಗುವ ತಂತ್ರಾಂಶಗಳ ಹಿಂದೆ, ಜಾರ್ಜ್ ಡಾಂಟ್ಜಿಗ್ ಅವರು ಅಮೆರಿಕದ ವಾಯುಪಡೆಗಾಗಿ 1947ರಲ್ಲಿ ರೂಪಿಸಿದ ಗಣಿತ ವಿಧಾನವಿದೆ. ಇಂದು ಅದು ಎಕ್ಸೆಲ್‌ನೊಳಗೆ ‘ಸಾಲ್ವರ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ಬೆಲೆಯಿಲ್ಲದೆ ದೊರೆಯುತ್ತದೆ. ತೆರೆದು ನೋಡಿದ ವರ್ತಕರು ವಿರಳ.

ಬೇಲೂರಿನ ಕಾಫಿ ವರ್ತಕರು, ಅರಸೀಕೆರೆಯ ಕೊಬ್ಬರಿ ಮಂಡಿಯವರು ತಮ್ಮ ತಮ್ಮ ಲಾರಿಗಳನ್ನು ಬೇರೆ ಬೇರೆಯಾಗಿಯೇ ಗೊತ್ತುಮಾಡುತ್ತಾರೆ. ಹಳೇಬೀಡಿನ ಸಣ್ಣ ತಯಾರಕರು ಅರ್ಧ ಲೋಡಿಗೂ ಪೂರ್ಣ ಬಾಡಿಗೆ ತೆರುತ್ತಾರೆ. ತಂತ್ರಾಂಶವೊಂದೇ ಇದನ್ನು ಸರಿಪಡಿಸಲಾರದು. ವಾಯುಪಡೆಯ ವಿಮಾನಗಳೆಲ್ಲ ಒಂದೇ ಆಜ್ಞೆಗೆ ಒಳಪಟ್ಟಿವೆ. ನಾವಾದರೋ ಲೋಡಿನ ತೂಕವನ್ನು ಪಕ್ಕದ ಮಂಡಿಗೆ ಹೇಳಲೂ ಹಿಂಜರಿಯುತ್ತೇವೆ.

ತೂಕ, ದಿನಾಂಕ, ತಲುಪಬೇಕಾದ ಊರು ಇಷ್ಟನ್ನೇ, ದರವನ್ನಲ್ಲ, ಸದಸ್ಯರಿಂದ ಗೋಪ್ಯವಾಗಿ ಪಡೆದು ಲೋಡುಗಳನ್ನು ಕೂಡಿಸುವ ಕಾರ್ಯವನ್ನು ನಮ್ಮ ವಾಣಿಜ್ಯ ಸಂಸ್ಥೆ ಈ ಹಂಗಾಮಿನಲ್ಲಿಯೇ ಕೈಗೊಳ್ಳಲಿ.