ಹತ್ತಿಯ ಮೇಲೆ ಹತ್ತಿ

ಕಾರ್ತಿಕ ಶುದ್ಧ ದಶಮಿ, ವಿಜಯದಾಸರ ಆರಾಧನೆ. ಆ ದಿನ ಚಿಪ್ಪಗಿರಿಗೆ ಬರುವ ನಮ್ಮ ಕಡೆಯವರು ದಾಸರ ಕಟ್ಟೆಗೆ ಕೈಮುಗಿದು, ಪ್ರಸಾದ ಮುಗಿಸಿ, ಬಸ್ಸು ಹತ್ತುತ್ತಾರೆ. ಹೊಲದ ಕಡೆ ನೋಡುವವರು ಕಡಿಮೆ. ಆ ಹೊತ್ತಿಗೆ ಎರೆ ಹೊಲಗಳಲ್ಲಿ ಹತ್ತಿ ಒಡೆದಿರುತ್ತದೆ. ಎಷ್ಟೋ ಹೊಲಗಳಲ್ಲಿ ಹೋದ ವರ್ಷವೂ ಹತ್ತಿ, ಅದರ ಹಿಂದಿನ ವರ್ಷವೂ ಹತ್ತಿ.

1953ರ ಅಕ್ಟೋಬರ್ 1ರವರೆಗೆ, ಚಿಪ್ಪಗಿರಿ ಇರುವ ಈ ಆದೋನಿ, ಆಲೂರು ಸೀಮೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಗಡಿ ಬದಲಾಗಿ ಆಂಧ್ರಕ್ಕೆ ಸೇರಿತು, ಮಣ್ಣು ಅದೇ. ಹತ್ತಿಯ ಜೊತೆ ನವಣೆ ಕೂಡಿಸಿ ಬಿತ್ತುವುದು ಈ ಸೀಮೆಯ ಹಳೆಯ ಪದ್ಧತಿ. ನವಣೆ ಮೂರು ತಿಂಗಳಿಗೆ ಮನೆ ಸೇರುತ್ತಿತ್ತು, ಹತ್ತಿ ನಿಧಾನಕ್ಕೆ ಬಲಿಯುತ್ತಿತ್ತು. ಮರುವರ್ಷ ಅದೇ ಹೊಲಕ್ಕೆ ಜೋಳ. ಸೊಪ್ಪೆ ಎತ್ತಿಗೆ, ತಿಪ್ಪೆಗೊಬ್ಬರ ಹೊಲಕ್ಕೆ.

ಬೆಳೆ ಬದಲಿಸುವುದರ ಹಿಂದೆ ಎಂಥ ಲೆಕ್ಕವಿದೆ ನೋಡಿ. ತೊಗರಿಯ ಬೇರು ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೂತ ರಂಜಕವನ್ನು ಬಿಡಿಸಿಕೊಳ್ಳುವ ಆಮ್ಲ ಸ್ರವಿಸುತ್ತದೆಂದು ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು 1990ರಲ್ಲಿ ತೋರಿಸಿದರು. ಕಡಲೆಯ ಬೇರು ಎರೆಮಣ್ಣಿನಲ್ಲಿ ಸುಣ್ಣ ಹಿಡಿದಿಟ್ಟ ರಂಜಕಕ್ಕೆ ಕೈಹಾಕುತ್ತದೆ. ಇವೆರಡೂ ಬೇರಿನ ಗಂಟುಗಳಲ್ಲಿ ಸಾರಜನಕ ಕಟ್ಟುತ್ತವೆ, ತೊಗರಿಯಂತೂ ಎಲೆ ಉದುರಿಸಿ ನೆಲಕ್ಕೆ ಹೊದಿಕೆ ಹಾಸುತ್ತದೆ. ಹತ್ತಿಯಿಂದ ನೆಲಕ್ಕೆ ಮರಳುವುದು ಅಷ್ಟಕ್ಕಷ್ಟೆ. ಕಟ್ಟಿಗೆ ಒಲೆಗೆ, ಇಲ್ಲವೇ ಬದುವಿನಲ್ಲಿ ಬೆಂಕಿಗೆ.

ಅದೇ ಸಂಸ್ಥೆಯ ಎರೆ ಹೊಲದಲ್ಲಿ 1976ರಿಂದ ಒಂದು ಪ್ರಯೋಗ ನಡೆದಿದೆ. ಏರುಮಡಿ ಕಟ್ಟಿ, ಗೊಬ್ಬರ ಕೊಟ್ಟು, ಜೋಳ–ತೊಗರಿ ಕೂಡಿಸಿ ಬೆಳೆದಲ್ಲಿ ಹೆಕ್ಟೇರಿಗೆ ಸುಮಾರು 5 ಟನ್ ಕಾಳು. ಮುಂಗಾರಿಯಲ್ಲಿ ಬೀಳು ಬಿಟ್ಟು ಹಿಂಗಾರಿಗೆ ಬಿತ್ತಿದಲ್ಲಿ 1 ಟನ್ ಆಸುಪಾಸು. ಎಲ್ಲವೂ ಬೆಳೆ ಜೋಡಣೆಯದೇ ಪವಾಡವಲ್ಲ, ನಿಜ. ಆದರೆ ಮಣ್ಣಿನ ಇಂಗಾಲವೂ ಅಲ್ಲಿ ಹೆಚ್ಚಿತು.

ಇನ್ನು ಗುಲಾಬಿ ಕಾಯಿಕೊರಕ. 2002ರಲ್ಲಿ ಬಿಟಿ ಹತ್ತಿ ಬಂದಾಗ ಹುಳುವಿನ ಕಾಟ ಮುಗಿಯಿತೆಂದುಕೊಂಡೆವು. ಮುಗಿಯಲಿಲ್ಲ. ಈ ಹುಳುವಿಗೆ ಹತ್ತಿ ಬಿಟ್ಟರೆ ಬೇರೆ ಊಟ ಹೆಚ್ಚಿಲ್ಲ. ಉಳಿದ ಕಾಯಲ್ಲಿ ಅಡಗಿ ಮುಂದಿನ ಹತ್ತಿಗೆ ಕಾಯುತ್ತದೆ. ಪತಂಗ ಹಾರಿ ಬರುವುದರಿಂದ ಒಬ್ಬನೇ ಬೆಳೆ ಬದಲಿಸಿದರೆ ಸಾಲದು, ಊರೇ ಬದಲಿಸಬೇಕು.

ರೈತನಿಗೆ ಇದೆಲ್ಲ ಗೊತ್ತಿಲ್ಲವೆಂದು ಪಾಠ ಹೇಳಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ವರ್ಷದ ಕೌಲಿಗೆ ಹೊಲ ಹಿಡಿದವನು ಮೂರನೇ ವರ್ಷದ ಮಣ್ಣಿನ ಚಿಂತೆ ಯಾಕೆ ಮಾಡಬೇಕು? ಹತ್ತಿ ಒಯ್ದರೆ ಆದೋನಿ ಮಾರುಕಟ್ಟೆಯಲ್ಲಿ ಕೊಳ್ಳುವವರಿದ್ದಾರೆ. ನವಣೆ ಒಯ್ದರೆ? ನಂದ್ಯಾಲದ ಸಂಶೋಧನಾ ಕೇಂದ್ರ ‘ಸೂರ್ಯನಂದಿ’ಯಂಥ ಒಳ್ಳೆಯ ತಳಿ ಕೊಟ್ಟಿದೆ. 2023ನ್ನು ಸಿರಿಧಾನ್ಯ ವರ್ಷವೆಂದು ಜಗತ್ತೇ ಆಚರಿಸಿತು. ಆ ವರ್ಷವೂ ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ನವಣೆ ಇರಲಿಲ್ಲ.

ಕೃಷಿ ಇಲಾಖೆಯವರಲ್ಲಿ ಒಂದು ವಿನಂತಿ. ತರಬೇತಿ ಶಿಬಿರ ಆಮೇಲೆ ಮಾಡಿ. ಜೋಳ, ತೊಗರಿ, ನವಣೆಯನ್ನು ಆದೋನಿಯಲ್ಲಿ ಯಾವ ಬೆಲೆಗೆ ಕೊಳ್ಳುತ್ತೀರೆಂದು ಮುಂಗಾರಿ ಬಿತ್ತನೆಗೆ ಮೊದಲೇ ಹೇಳಿಬಿಡಿ.