ಹಳೆಯ ಒಲೆಯನ್ನು ಒಡೆಯುವ ಮುನ್ನ

ಮಲೆನಾಡಿನ ಅನೇಕ ಮನೆಗಳಲ್ಲಿ ಅಸ್ತ್ರ ಒಲೆಗಳು ಮೂಲೆಗುಂಪಾಗಿವೆ. ಹೊಗೆಯು ಅಡುಗೆಮನೆಗೇ ಹಿಂದಿರುಗುತ್ತದೆ ಎಂಬುದು ಸಾಮಾನ್ಯ ದೂರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಈ ಮೂರು ಪಾತ್ರೆಗಳ ಒಲೆ ಸೋತದ್ದು ವಿನ್ಯಾಸದಿಂದಲ್ಲ, ದುರಸ್ತಿಯ ಅರಿವಿಲ್ಲದೆ ಎಂಬುದು ನನ್ನ ಅಭಿಪ್ರಾಯ.

ಗಾಳಿ ಜಾಲರಿಯ ಕೆಳಗಿನಿಂದ ಒಳಬಂದು, ಹೊಗೆ ಕೊಳವೆಯಿಂದ ಹೊರಹೋಗಬೇಕು. ಈ ಸೆಳೆತವೇ ಒಲೆಯ ಉಸಿರು. ಮೂರೂ ಪಾತ್ರೆಗಳನ್ನಿಟ್ಟು ಒಲೆ ಉರಿಯುತ್ತಿರುವಾಗ ಅದರ ಬಾಯಿಯ ಬಳಿ ಊದುಬತ್ತಿ ಹಿಡಿದು ನೋಡಿ. ಅದರ ಹೊಗೆ ಒಳಕ್ಕೆ ಸೆಳೆಯದಿದ್ದರೆ ಸೆಳೆತ ಕುಂದಿದೆ ಎಂದರ್ಥ. ಒಲೆ ತಣಿದ ಬಳಿಕ ಕೊಳವೆಯ ಮಸಿ, ಜಾಲರಿಯ ಬೂದಿ ತೆಗೆಯಿರಿ. ಪಾತ್ರೆಯ ಅಂಚಿನಲ್ಲಿ ಸಂದಿಯಿದ್ದರೆ ತಣ್ಣನೆಯ ಗಾಳಿ ನುಗ್ಗುತ್ತದೆ. ಪಾತ್ರೆ ಬದಲಿಸಿದಾಗ ಒಲೆಯ ಕಣ್ಣನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು. ಬಿರುಕುಗಳಿಗೆ ಮಣ್ಣು, ಸಗಣಿ, ಹೊಟ್ಟು ಕಲಸಿ ಮೆತ್ತಿದರೆ ಸಾಕು.

ಉರುವಲಿಗೆ ತಕ್ಕಂತೆ ದೋಷವೂ ಬೇರೆ. ರಾಯಚೂರಿನ ಗುಂಜಹಳ್ಳಿಯ ಸುತ್ತಿನ ಬಯಲಿನಲ್ಲಿ ಹತ್ತಿ, ತೊಗರಿಯ ಕಡ್ಡಿಗಳು ಬೇಗನೆ ಉರಿದು ಬೂದಿಯಾಗುತ್ತವೆ. ನಮ್ಮಲ್ಲಿ ಮಳೆಗಾಲದ ಹಸಿ ಸೌದೆ ಮಸಿ ಕಟ್ಟಿಸುತ್ತದೆ. ಅಲ್ಲಿ ಮೊದಲು ಜಾಲರಿಯನ್ನು, ಇಲ್ಲಿ ಕೊಳವೆಯನ್ನು ನೋಡಬೇಕು.

ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರವು 2002ರಲ್ಲಿ ನಿಲ್ಲಿಸಿತು. ಅದು ಕಟ್ಟಿದ ಒಲೆಗಳನ್ನು ಎಣಿಸಿತು, ಕೆಟ್ಟವುಗಳನ್ನಲ್ಲ. ಅಡುಗೆ ಅನಿಲ ಬಂದರೂ ಬಚ್ಚಲಿಗೆ, ಅಡಿಕೆ ಬೇಯಿಸಲು ಇಂದಿಗೂ ಕಾಡಿನ ಸೌದೆಯೇ ಬೇಕು. ಆ ಒಲೆಗಳಿಗೂ ಇದೇ ನಿಯಮ. ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಿಮ್ಮೂರಿನ ಒಂದು ಒಲೆಯನ್ನಾದರೂ ಸರಿಪಡಿಸಿ. ಉಳಿಯುವುದು ಕಾಡಿನ ಮರ ಮಾತ್ರವಲ್ಲ, ತಾಯಂದಿರ ಉಸಿರೂ ಹೌದು.